ಗುರುವಾರದ ಮುಹೂರ್ತ

ಗೆಳತಿಯರೇ, ನಿಶ್ಚಿತಾರ್ಥವಾದಾಗಿನಿಂದ "ಮದುವೆ ಯಾವಾಗ?" ಎಂದು ತಲೆ ತಿಂದಿರಲ್ಲ, ಇವತ್ತು ನಡೆದದ್ದನ್ನು ಕೇಳಿ.

ದಿನ ಗೊತ್ತು ಮಾಡಲು ಬೀಗರು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಿದ್ದರು. ಅಯ್ಯನವರು ಪಂಚಾಂಗ ತಿರುವಿ, "ಫೆಬ್ರುವರಿಯೊಳಗ ಒಂದು ಗುರುವಾರ ಐತ್ರಿ. ಅಂಥಾ ಮುಹೂರ್ತ ಮತ್ತ ಸಿಗಂಗಿಲ್ಲ" ಎಂದರು. ಅಪ್ಪನ ಮುಖ ಅರಳಿತು. ಬ್ಯಾಡಗಿಯಲ್ಲಿ ಮಗನ ಜೊತೆ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ನನ್ನ ಭಾವಿ ಮಾವನವರು ಮಾತ್ರ ಚಹಾದ ಕಪ್ಪು ಕೆಳಗಿಟ್ಟರು.

"ಸೋಮವಾರ, ಗುರುವಾರ ಮಾರ್ಕೆಟ್ ಇರ್ತೈತ್ರಿ. ಅದರಾಗ ಸೀಜನ್ ಬ್ಯಾರೆ. ನಮ್ಮ ಮಂದಿ ಯಾರೂ ಬರಂಗಿಲ್ಲ."

ಅಪ್ಪನಿಗೆ ಸಿಟ್ಟು ಬಂತು. "ಮಂದಿ ಬಿಡ್ರಿ. ಮಗನ ಮದುವಿಗೆ ನೀವರ ಬರ್ತೀರೋ ಇಲ್ಲೋ?"

ಮಾವನವರು ನಿಜಕ್ಕೂ ಯೋಚನೆ ಮಾಡಿದರು. "ಮೆಣಸಿನಕಾಯಿ ಟೆಂಡರ್ ಮುಗಿಸಿ ಊಟದ ಹೊತ್ತಿಗೆ ಬರ್ತೇನ್ರಿ."

ಬಾಗಿಲ ಹತ್ತಿರ ನಿಂತಿದ್ದ ನಾನು ಹುಡುಗನ ಮುಖ ನೋಡಿದೆ, ಏನಾದರೂ ಹೇಳಲಿ ಎಂದು. ಹೇಳಿದರು: "ಗುರುವಾರ ನನಗೂ ಬಿಡುವಿರಂಗಿಲ್ರಿ."

ಮದುವೆ ಮೇ ತಿಂಗಳಿಗೆ, ಒಂದು ಭಾನುವಾರಕ್ಕೆ ಹೋಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ಫೋನ್ ಮಾಡಿ ಚೆನ್ನಾಗಿ ಜಗಳವಾಡೋಣವೆಂದರೆ, ನಾಳೆ ಗುರುವಾರ.