ಆಯಿ ಅಳಿಸಿದ ಹಾಡು

ಇವತ್ತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ಘಾಟಿಗೆ ಸೀನು ಬಂತು, ಹಿಂದೆಯೇ ಕಾಕಾನ ಕ್ಯಾಸೆಟ್ಟೂ ನೆನಪಾಯಿತು.

ಅಪ್ಪನ ತಮ್ಮ, ನಮ್ಮ ಕಾಕಾ, ಸ್ಪೇನಿನ ಒಂದು ಬಂದರು ಊರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ನಮ್ಮ ಅಜ್ಜಿ, ಅಂದರೆ ಆಯಿಗೆ, ಓದಲು ಬರುತ್ತಿರಲಿಲ್ಲ. ಅದಕ್ಕೆ ಅವನು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಒಂದು ಸೈಡು ಅವನದು. ಖಾಲಿ ಬಿಟ್ಟ ಇನ್ನೊಂದು ಸೈಡಿನಲ್ಲಿ ನಾವು ಉತ್ತರ ತುಂಬಿಸಿ ವಾಪಸ್ ಕಳಿಸುತ್ತಿದ್ದೆವು.

ಒಂದು ಸಲ ಆ ಸೈಡಿನಲ್ಲಿ ಹಾಡಿತ್ತು. ಅವನ ಕೋಣೆಯಲ್ಲಿದ್ದ ಪೆರು, ಮೊರಾಕ್ಕೊ ಕಡೆಯ ಹುಡುಗರು ಸೇರಿ ಸ್ಪ್ಯಾನಿಷ್‌ನಲ್ಲಿ ಕಟ್ಟಿದ ರ‍್ಯಾಪ್ ಅಂತೆ. ರಾಗವಿಲ್ಲ. ಡಬ್ಬಿ ಬಡಿದಂಥ ತಾಳ, ಅದರ ಮೇಲೆ ಓಡುವ ಮಾತು. ಅಂಗಳದಲ್ಲಿ ತೊಟ್ಟು ಮುರಿಯುತ್ತಿದ್ದ ಹೆಂಗಸರ ಕೈ ಆ ತಾಳಕ್ಕೇ ಓಡತೊಡಗಿತು. ವಾರವಿಡೀ ಅದನ್ನೇ ಹಾಕಿಸಿಕೊಂಡರು.

ಉತ್ತರ ತುಂಬಿಸುವ ದಿನ ಅಪ್ಪ, "ಹೊಸಾ ಕ್ಯಾಸೆಟ್ ತರ್ತೇನಿ ತಡಿ" ಅಂದ.

"ಯಾಕ? ಆ ಸೈಡ್ ನಮ್ದಲ್ಲೇನು?" ಎಂದು ಆಯಿ ಹಾಡಿನ ಮೇಲೆಯೇ ಮಾತು ತುಂಬಿಸಿದಳು.

ಮುಂದಿನ ಕ್ಯಾಸೆಟ್ಟಿನಲ್ಲಿ ಕಾಕಾನ ದನಿ ತಣ್ಣಗಿತ್ತು. "ಅವ್ವಾ, ಆ ಹುಡುಗರ ಹಾಡು ಇದ್ದದ್ದು ಅದೊಂದ ಕ್ಯಾಸೆಟ್ಟಿನ್ಯಾಗ. ನಿಮಗ ಕೇಳಸಾಕ ಅಂತ ಕೊಟ್ಟಿದ್ರು. ಈಗ ಅದರಾಗ ಬರೇ ನಮ್ಮ ಎಮ್ಮಿ ಈದ ಸುದ್ದಿ ಐತಿ."

ಆ ದಿನ ಆಯಿ ಮೆಣಸಿನಕಾಯಿ ಮುಟ್ಟಲಿಲ್ಲ.

ಹಾಡಿನ ಒಂದು ಪದವೂ ನನಗೆ ನೆನಪಿಲ್ಲ. ಆದರೆ ಇವತ್ತು ಅರ್ಧ ಕಿಲೋ ಮುರಿಯುವಷ್ಟರಲ್ಲಿ ಬೆರಳುಗಳು ತಾವಾಗಿ ಆ ತಾಳ ಹಿಡಿದಿದ್ದವು.