ನೆತ್ತಿಯಲ್ಲಿ ಉಳಿದ ಸೂಜಿ

ನನ್ನ ಚಿಕ್ಕಮ್ಮನ ಮರೆವಿನ ಬಗ್ಗೆ ಮಾತು ಶುರುವಾದರೆ ನಮ್ಮ ಮನೆಯಲ್ಲಿ ಊಟ ತಣ್ಣಗಾಗುತ್ತದೆ. ಕನ್ನಡಕ ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ತಡಕಾಡುವವಳು, ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಯವರ ಜೊತೆ ಹರಟೆಗೆ ನಿಲ್ಲುವವಳು. ಇಂಥವಳ ಕೈಗೆ ಸೂಜಿ ಕೊಟ್ಟವರ ಧೈರ್ಯ ಮೆಚ್ಚಬೇಕು ಎಂದು ಚಿಕ್ಕಪ್ಪ ರೇಗಿಸುತ್ತಾನೆ. ಅವಳು ಹೆರಿಗೆ ಆಸ್ಪತ್ರೆಯಲ್ಲಿ ಅಕ್ಯುಪಂಕ್ಚರ್ ಮಾಡುತ್ತಾಳೆ. ಎಲ್ಲರೂ ತೊಟ್ಟಿಲಿಗೆ ಮುತ್ತಿಕೊಂಡಿರುವಾಗ ಇವಳು ಹೆತ್ತವಳ ಹತ್ತಿರ ಹೋಗಿ, "ಎಲ್ಲಿ ನೋವಮ್ಮ?" ಎನ್ನುತ್ತಾಳೆ. ಅಷ್ಟು ಕೇಳುವುದಕ್ಕೆ ಅಷ್ಟೊಂದು ನೆಂಟರಿದ್ದೂ ಸೂಜಿಯವಳೇ ಬರಬೇಕೇ ಎಂದು ನನಗೆ ಸಿಟ್ಟು ಬರುತ್ತದೆ.

ಬೆನ್ನಿಗೆ, ಸೊಂಟಕ್ಕೆ, ಹಾಲೂಡಿಸಿ ಊಡಿಸಿ ಬಿಗಿದ ಕುತ್ತಿಗೆಗೆ ಕೂದಲಿನಷ್ಟು ತೆಳ್ಳಗಿನ ಸೂಜಿಗಳು. ಈ ಕೆಲಸದಲ್ಲಿ ಮಾತ್ರ ಚಿಕ್ಕಮ್ಮ ಮೊನ್ನೆಯವರೆಗೂ ಏನನ್ನೂ ಮರೆತವಳಲ್ಲ. ರೇಗಿಸಲು ಏನೂ ಸಿಗದೆ ಚಿಕ್ಕಪ್ಪನಿಗೆ ಅದೇ ಸಂಕಟ.

ಮೊನ್ನೆ ಸಂಜೆ, ತೆಗೆದ ಸೂಜಿಗಳನ್ನು ಡಬ್ಬಿಗೆ ಹಾಕುವಾಗ ಒಂದು ಕಡಿಮೆ ಬಂತು. ಕೊನೆಗೆ ಹೋದ ಬಾಣಂತಿಗೆ ನಿದ್ದೆ ಬರಲೆಂದು ನೆತ್ತಿಗೊಂದು ಹಾಕಿದ್ದಳು. ಮಗು ಅಳುತ್ತಿತ್ತು, ಕಾರು ಬಂದು ನಿಂತಿತ್ತು, ಗಡಿಬಿಡಿಯಲ್ಲಿ ಅದು ಕೂದಲೊಳಗೇ ಉಳಿದುಬಿಟ್ಟಿತ್ತು. ಪ್ರಾಣಕ್ಕೇನೂ ಆಪತ್ತಿಲ್ಲ, ಆದರೆ ಮಗುವಿನ ಕೈಗೆ ಚುಚ್ಚಿದರೆ? ಆಸ್ಪತ್ರೆಯ ದೊಡ್ಡ ಡಾಕ್ಟರಿಗಂತೂ ಚಿಕ್ಕಮ್ಮನ ಈ ಸೂಜಿ ಕೋಣೆ ಕಂಡರೆ ಮೊದಲೇ ಆಗದು. ಸುದ್ದಿ ಕಿವಿಗೆ ಬಿದ್ದರೆ ಬೀಗ ಬೀಳುವುದು ಖಂಡಿತ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಚಿಕ್ಕಮ್ಮ ಎದ್ದೆನೋ ಬಿದ್ದೆನೋ ಎಂದು ಅವರ ಮನೆಗೆ ಓಡಿದಳು.

ಬಾಗಿಲು ತೆರೆದದ್ದು ಬಾಣಂತಿಯ ತಾಯಿ. ತುಟಿಯ ಮೇಲೆ ಬೆರಳಿಟ್ಟು, "ಹೆತ್ತಾಗಿಂದ ಈಗ ತಾನೇ ನಿದ್ದೆ ಹತ್ತಿದೆ. ಯಾರು ಬಂದ್ರೂ ಎಬ್ಬಿಸಲ್ಲ," ಎಂದರು.

ಚಿಕ್ಕಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದ್ದನ್ನು ಮರುದಿನ ಮರೆತುಬಿಡುತ್ತಾಳೆ. "ಅಮ್ಮಾ, ನಿಮ್ಮ ಮಗಳ ನೆತ್ತಿ ಮೇಲೆ ನನ್ನದೊಂದು ಸೂಜಿ ಉಳಿದಿದೆ. ತಪ್ಪು ನನ್ನದೇ. ಎಬ್ಬಿಸದೆ ತೆಗೀತೀನಿ."

ಆ ತಾಯಿ ಕೆಕ್ಕರಿಸಿ ನೋಡಿದರು. ಆಮೇಲೆ ದಾರಿ ಬಿಟ್ಟರು. ಚಿಕ್ಕಮ್ಮ ಉಸಿರು ಬಿಗಿಹಿಡಿದು, ಕೂದಲು ಸರಿಸಿ, ಸೂಜಿ ಎಳೆದಳು. ಬಾಣಂತಿ ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದಳು.

ಹೊರಗಿನ ಕೋಣೆಯಲ್ಲಿ ಚಿಕ್ಕಮ್ಮ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು. ಆ ತಾಯಿ ಗೋಡೆ ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಬೈಗುಳ ಬರಲಿಲ್ಲ. ಚಿಕ್ಕಮ್ಮನೇ ಕೇಳಿದಳು: "ದೂರು ಕೊಡ್ತೀರಾ?"

"ಕೊಟ್ಟು ಕೋಣೆ ಮುಚ್ಚಿಸಿದ್ರೆ ನಾನೆಲ್ಲಿಗೆ ಹೋಗ್ಲಿ?" ಆಕೆ ಸೊಂಟ ಒತ್ತಿಕೊಂಡರು. "ಈ ನೋವು ಇವಳು ಹುಟ್ಟಿದಾಗ ಹಿಡಿದದ್ದು. ಇನ್ನೂ ಬಿಟ್ಟಿಲ್ಲ. ಯಾರ ಹತ್ರಾನೂ ಹೇಳಿಲ್ಲ. ಆದ್ರೆ ನಿಮ್ಮ ಬಾಗಿಲ ಮೇಲೆ ಬಾಣಂತಿಯರಿಗೆ ಮಾತ್ರ ಅಂತ ಬರೆದಿದೆಯಲ್ಲ."

ಚಿಕ್ಕಮ್ಮ ಬಗ್ಗಿ ಆಕೆಯ ಸೊಂಟ ಮುಟ್ಟಿ ನೋಡಿದಳು.

"ನಾಳೆ ಬನ್ನಿ," ಎಂದಳು. "ನೀವೂ ಬಾಣಂತೀನೇ. ಬರೋದು ಸ್ವಲ್ಪ ತಡವಾಯ್ತು, ಅಷ್ಟೇ."