ಟ್ಯಾಂಕರ್ ಕಟ್ಟಿ ನೋಡಿದ ಮೈಲೇಜು

ಇದನ್ನು ನಂಬದೆ ಇರಿ, ನಿಮ್ಮ ಧೈರ್ಯ ನೋಡೇಬಿಡುತ್ತೇನೆ. ಮೂವತ್ತು ವರ್ಷ ಲಾರಿ ಓಡಿಸಿದವನು ನಾನು. ಯಾವ ಇಂಜಿನ್ ಎಷ್ಟು ಸುಳ್ಳು ಹೇಳುತ್ತದೆಂದು ಅದರ ಕೆಮ್ಮಿನಲ್ಲೇ ಹಿಡಿಯುತ್ತೇನೆ.

ಇಟ್ಟಿಗಿಯಲ್ಲಿ ನಮ್ಮ ಕುರಿಹಿಂಡು ನೋಡಿಕೊಳ್ಳುವವನು ನನ್ನ ತಮ್ಮ. ಹಿಂಡು ತಂಗಿದ ಹೊಲಕ್ಕೆ ನೀರಿನ ಟ್ಯಾಂಕರ್ ಎಳೆಯಲು ನಮಗೊಂದು ಪಿಕಪ್ ಬೇಕಿತ್ತು. ಹರಪನಹಳ್ಳಿಯ ಅಂಗಡಿಯಲ್ಲಿ ಎರಡು ತೋರಿಸಿದರು: ಒಂದು ಸಣ್ಣ ಇಂಜಿನ್ನಿನದು, ಇನ್ನೊಂದು ದೊಡ್ಡದು. ತಮ್ಮ ಸಣ್ಣದರ ಬಾಗಿಲು ಹಿಡಿದು ನಿಂತವನು ಕೈ ಬಿಡಲಿಲ್ಲ. ಯಾಕೆಂದು ಹೇಳಲೂ ಇಲ್ಲ. ನನಗೆ ಅಲ್ಲೇ ಅನುಮಾನ ಹುಟ್ಟಿತು.

"ಲೀಟರಿಗೆ ಹದಿನೆಂಟು ರೀ ಅಜ್ಜಾರ," ಎಂದ ಮಾರಾಟದವನು, ಸಣ್ಣದನ್ನು ತಟ್ಟಿ.

"ಅಳತಿ ಮಾಡುವಾಗ ಹಿಂದ ಏನ್ ಕಟ್ಟಿದ್ರಪಾ?"

"ಕಂಪನಿ ಟೆಸ್ಟಿನಾಗ ಏನೂ ಕಟ್ಟಂಗಿಲ್ರೀ."

"ಖಾಲಿ ಕೈಲೆ ಆದ್ರ ನಾನೂ ಹದಿನೆಂಟು ಓಡ್ತೀನಿ, ಒಂದು ಚಾದ ಮ್ಯಾಲ!"

ಪರೀಕ್ಷೆ ನಾನೇ ಇಟ್ಟೆ, ಮಾರಾಟದವನನ್ನೂ ಜೊತೆಗೆ ಕೂರಿಸಿಕೊಂಡೆ. ಡೀಸೆಲ್ ಬಾಯಿಮಟ್ಟ ತುಂಬಿಸುವುದು, ತುಂಬಿದ ಟ್ಯಾಂಕರ್ ಕಟ್ಟಿ ಹಿರೇಹಡಗಲಿಗೆ ಹೋಗಿಬರುವುದು, ಮತ್ತೆ ಬಾಯಿಮಟ್ಟ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ. ಮೊದಲ ದಿನ ದೊಡ್ಡದು ದಿಬ್ಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಳೆಯಿತು, ಹಾಗೆಯೇ ಕುಡಿಯಿತು. ಅವತ್ತು ತಮ್ಮ ಹೊಟ್ಟೆನೋವೆಂದು ಬರಲಿಲ್ಲ. ಮರುದಿನ ಸಣ್ಣದಕ್ಕೆ ಮಾತ್ರ ಎಲ್ಲರಿಗಿಂತ ಮುಂಚೆ ಹತ್ತಿ ಕೂತ.

ಹೋಗುವಾಗ ಸಣ್ಣದು ಹೆರಿಗೆ ನೋವು ತಿಂದಂತೆ ನರಳಿತು. ಹಿರೇಹಡಗಲಿಯಲ್ಲಿ ಚಹಾ ಕುಡಿದು ತಿರುಗಿದೆವು ನೋಡಿ, ಬರಬರುತ್ತಾ ಕರುವಿನ ಹಾಗೆ ನೆಗೆಯತೊಡಗಿತು. ದಾರಿ ಸಾಗಿದಂತೆ ಪ್ರಾಯಕ್ಕೆ ಬರುವ ಇಂಜಿನ್ ಎಲ್ಲಿದೆ? ಗಾಡಿ ನಿಲ್ಲಿಸಿ ಇಳಿದೆ. ಡಾಂಬರಿನ ಮೇಲೆ ಉದ್ದಕ್ಕೂ ಒದ್ದೆ ಗೆರೆ. ಟ್ಯಾಂಕರಿನ ನಲ್ಲಿ ಅರ್ಧ ತೆರೆದಿತ್ತು.

"ಭಾರಿ ಮೈಲೇಜ್ ಕೊಟ್ಟಿ ಬಿಡಪಾ!" ಎಂದು ಮಾರಾಟದವನ ಮೇಲೆ ಹೋದೆ.

"ದೇವರಾಣಿ ರೀ, ನಾ ಮುಟ್ಟಿಲ್ಲ!"

"ಅವನ್ನ ಬಿಡಣ್ಣ," ಎಂದ ತಮ್ಮ, ನೆಲ ನೋಡುತ್ತಾ. "ನೀವು ಚಾ ಕುಡಿಯಾಗ ನಲ್ಲಿ ನಾನ ತಗದೀನಿ. ದೊಡ್ಡ ಗಾಡಿ ಎತ್ತರ ಐತಿ. ನನ್ನ ಮೊಣಕಾಲು ಏರಂಗಿಲ್ಲ. ಅದು ಬಂದ್ರ ಸ್ಟೇರಿಂಗ್ ನಿನಗ, ಮನಿ ಮುಂದಿನ ಕಟ್ಟಿ ನನಗ. ಕುರಿ ಮುಖ ನೋಡದಂಗ ಹೆಂಗಿರ್ಲಿ?"

"ಬಾಯಿಬಿಟ್ಟು ಹೇಳಾಕ ಏನಾಗಿತ್ತಲೇ?"

"ನಿನಗ ಹೇಳಿದ್ರ ಊರ ತುಂಬ ನನ್ನಂಗ ಕುಂಟಿ ತೋರಿಸ್ತಿದ್ದಿ."

ತೋರಿಸುತ್ತಿದ್ದೆ, ಸುಳ್ಳಲ್ಲ. ಹೋಗಿ ನಲ್ಲಿ ಮುಚ್ಚಿದೆ.

ತುಂಬಿದ ಟ್ಯಾಂಕರ್ ಸಣ್ಣದರ ಕೈಲಾಗದು. ದೊಡ್ಡದನ್ನೇ ತಂದೆವು. ಹಿರೇಹಡಗಲಿಯ ವೆಲ್ಡರ್ ಸ್ಟೇರಿಂಗ್ ಕಡೆಯ ಬಾಗಿಲ ಕೆಳಗೆ ಎರಡು ಮೆಟ್ಟಿಲು ಕೂರಿಸಿಕೊಟ್ಟ. ಓಡಿಸುವವನು ತಮ್ಮನೇ. ಪಕ್ಕದಲ್ಲಿ ಕೂತು ಗೇರಿನ ತಪ್ಪು ಹುಡುಕುವುದು ನನ್ನ ಕೆಲಸ.

ಇದರಲ್ಲಿ ಒಂದೇ ಒಂದನ್ನು ಕಟ್ಟಿ ಹೇಳಿದ್ದೇನೆ. ಅನುಮಾನಪಟ್ಟು ಗಾಡಿ ನಿಲ್ಲಿಸಿದವನು ನಾನಲ್ಲ. ಅಲ್ಲಿಯವರೆಗೆ ಸಣ್ಣ ಇಂಜಿನ್ನನ್ನು ಬಾಯ್ತುಂಬ ಹೊಗಳುತ್ತಿದ್ದೆ. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ತಲೆ ಹೊರಹಾಕಿ, "ಅಜ್ಜಾರ, ರಸ್ತಿಗೆ ನೀರು ಹೊಡಿಯಾಕ ಹೊಂಟೀರೇನು?" ಎಂದು ಕೂಗಿದ್ದ.